ಫೈಬರ್ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ಯಾರು?

ಬೆಂಗಳೂರಿನ ಕೆಲಸವನ್ನು ಊರಿನ ಮನೆಯಿಂದಲೇ ಮಾಡಲು ಹೊರಟವರು, ಮೈಸೂರಿನ ಹೊರವಲಯದಲ್ಲಿ ಬಾಡಿಗೆ ಮನೆ ಹುಡುಕುವವರು, ತೀರ್ಥಹಳ್ಳಿ ಕಡೆ ಹೋಂಸ್ಟೇ ತೆರೆಯುವ ಯೋಚನೆಯಲ್ಲಿರುವವರು, ಮಕ್ಕಳ ಆನ್‌ಲೈನ್ ಕೋಚಿಂಗಿಗೆ ಹಣ ಕಟ್ಟುವ ಮುನ್ನ ಲೆಕ್ಕ ಹಾಕುವ ತಂದೆತಾಯಿ, ಎಲ್ಲರೂ ಈಗ ಒಂದು ಪ್ರಶ್ನೆ ಕೇಳಿಕೊಂಡೇ ಮುಂದುವರಿಯುತ್ತಾರೆ. ಈ ಮನೆಗೆ ಫೈಬರ್ ಇಂಟರ್‌ನೆಟ್ ಸಿಗುತ್ತದೆಯೇ? ನೀರು ಬರುತ್ತದೆಯೇ, ಕರೆಂಟ್ ಇದೆಯೇ ಎಂದು ಕೇಳಿದಷ್ಟೇ ಸಹಜವಾದ ಪ್ರಶ್ನೆ. ಆದರೆ ನಲ್ಲಿ ತಿರುಗಿಸಿ, ಸ್ವಿಚ್ ಒತ್ತಿ ನೋಡುವಂತೆ ಇದನ್ನು ನೋಡಲಾಗುವುದಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದರೆ ‘ಸೇವೆ ಲಭ್ಯ’ ಎಂದು ಬರುತ್ತದೆ. ನಂಬರ್ ಕೊಟ್ಟ ಮೇಲೆ ಬರುವ ಕರೆಯಲ್ಲಿ ‘ಎರಡು ದಿನದಲ್ಲಿ ಹುಡುಗರನ್ನು ಕಳಿಸ್ತೀವಿ ಸರ್’ ಎನ್ನುತ್ತಾರೆ. ಬಂದ ಹುಡುಗ ಕಂಬ ನೋಡಿ ‘ಇಲ್ಲಿಗೆ ಆಗಲ್ಲ’ ಎಂದು ಹೇಳಿ ಬೈಕ್ ತಿರುಗಿಸುತ್ತಾನೆ. ಈ ಮೂರು ಉತ್ತರಗಳಲ್ಲಿ ಯಾವುದು ಕಂಪನಿಯ ಉತ್ತರ ಎಂಬುದಕ್ಕೆ ದಾಖಲೆ ಇರುವುದಿಲ್ಲ. ಒಂದೊಂದು ಮನೆಗೂ ಫೈಬರ್ ಸಿಗುತ್ತದೆಯೋ ಇಲ್ಲವೋ ಎಂಬುದು ಸಾರ್ವಜನಿಕ ದಾಖಲೆಯಾಗಬೇಕು, ಅದನ್ನು ಪ್ರಕಟಿಸುವ ಹೊಣೆ ಸೇವೆ ಕೊಡುವವರ ಮೇಲಿರಬೇಕು, ತಪ್ಪಿದ್ದರೆ ಪ್ರಶ್ನಿಸುವ ಹಕ್ಕು ಮನೆಯವರಿಗೆ ಇರಬೇಕು ಎಂಬುದು ಈ ಲೇಖನದ ವಾದ. ಗ್ರಾಹಕರ ಸಣ್ಣ ಅನುಕೂಲದ ಮಾತೆಂದು ಇದನ್ನು ಬದಿಗಿಡುವಂತಿಲ್ಲ. ಮುಂದಿನ ಕೇಬಲ್ ಯಾವ ಊರಿಗೆ ಹೋಗಬೇಕು, ಸರ್ಕಾರದ ಹಣ ಎಲ್ಲಿ ಖರ್ಚಾಗಬೇಕು ಎಂಬ ತೀರ್ಮಾನಗಳು ಇದೇ ಮಾಹಿತಿಯನ್ನು ಆಧರಿಸಿರುತ್ತವೆ.

ಉತ್ತರ ಇಷ್ಟು ಹೊಯ್ದಾಡುವುದು ಯಾಕೆ ಎಂದು ತಿಳಿಯಲು ಫೈಬರ್ ಮನೆಗೆ ಬರುವ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲೋ ಕೇಬಲ್ ಆಪರೇಟರರ ಕೋಣೆಯಲ್ಲೋ ಒಎಲ್‌ಟಿ ಎಂಬ ಯಂತ್ರ ಇರುತ್ತದೆ. ಅದರ ಒಂದು ಪೋರ್ಟಿನಿಂದ ಕೂದಲಿನಷ್ಟು ಸಪೂರವಾದ ಒಂದು ಗಾಜಿನ ಎಳೆ ಹೊರಡುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಆ ಒಂದು ಎಳೆಯ ಮೇಲೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಮಾಹಿತಿ ಮನೆಗಳ ಕಡೆಗೆ ಬರುತ್ತದೆ, 1.25 ಗಿಗಾಬಿಟ್ ವಾಪಸ್ ಹೋಗುತ್ತದೆ. ಸಾಮಾನ್ಯವಾಗಿ 32 ಅಥವಾ 64 ಮನೆಗಳು ಅದನ್ನು ಹಂಚಿಕೊಳ್ಳುತ್ತವೆ. ಹಂಚುವ ಕೆಲಸ ಮಾಡುವುದು ಸ್ಪ್ಲಿಟರ್. ಅದಕ್ಕೆ ಕರೆಂಟ್ ಬೇಡ, ಒಳಗೆ ಬಂದ ಬೆಳಕನ್ನು ಎಂಟೋ ಹದಿನಾರೋ ಪಾಲು ಮಾಡಿ ಹೊರಗೆ ಬಿಡುತ್ತದೆ, ಅಷ್ಟೇ. ಕಂಬದ ಮೇಲೆ ಕಾಣುವ ಕಪ್ಪು ಅಥವಾ ಬೂದು ಬಣ್ಣದ ಡಬ್ಬಿಯೊಳಗೆ ಇರುವುದು ಇದು. ಅಲ್ಲಿಂದ ಮನೆಗೆ ಎಳೆಯುವ ತಂತಿ ಡ್ರಾಪ್ ಕೇಬಲ್. ಪಾಲು ಮಾಡಿದಷ್ಟೂ ಬೆಳಕು ಕುಂದುತ್ತದೆ. 32 ಪಾಲು ಮಾಡುವಷ್ಟರಲ್ಲಿ ಸುಮಾರು 17 ಡೆಸಿಬೆಲ್ ಹೋಗಿರುತ್ತದೆ, ಸಾಮಾನ್ಯ ಜಿಪಾನ್ ಲೈನ್ ತಡೆದುಕೊಳ್ಳುವುದು ಒಟ್ಟು 28 ಡೆಸಿಬೆಲ್. ಉಳಿದದ್ದರಲ್ಲಿ ಕಿಲೋಮೀಟರುಗಳ ದೂರ, ತುಂಡಾಗಿ ಬೆಸೆದ ಜಾಗಗಳು, ತೋಟದ ಬೇಲಿಗೆ ಸುತ್ತಿ ಬಗ್ಗಿಸಿದ ತಂತಿ, ಎಲ್ಲದರ ನಷ್ಟವೂ ಸರಿಹೋಗಬೇಕು. ಕನೆಕ್ಷನ್ ಕೊಡಲು ಬಂದವರು ತಂತಿಯ ತುದಿಯನ್ನು ಅಂಗೈಯಷ್ಟಗಲದ ಪವರ್ ಮೀಟರಿಗೆ ಸಿಕ್ಕಿಸಿ ನೋಡುವುದು ಇದನ್ನೇ. ಮೀಟರಿನಲ್ಲಿ ಮೈನಸ್ 20ರ ಆಸುಪಾಸು ಬಂದರೆ ನಿರಾಳ, ಮೈನಸ್ 27 ದಾಟಿದರೆ ಮೋಡೆಮಿನಲ್ಲಿ ಕೆಂಪು ದೀಪ ಮಿನುಗತೊಡಗುತ್ತದೆ.

ಹೀಗಾಗಿ ‘ಫೈಬರ್ ಇದೆ’ ಎಂಬ ಮಾತಿಗೆ ಒಂದಲ್ಲ, ನಾಲ್ಕೈದು ಅರ್ಥಗಳಿವೆ. ಊರಿನ ಮುಖ್ಯರಸ್ತೆಯಲ್ಲಿ ಕೇಬಲ್ ಹಾದುಹೋಗಿದೆ ಎಂಬುದು ಒಂದು. ಮನೆಯ ಹತ್ತಿರದ ಕಂಬದಲ್ಲಿ ಡಬ್ಬಿ ಇದೆ ಎಂಬುದು ಇನ್ನೊಂದು. ಡಬ್ಬಿಯಲ್ಲಿ ಖಾಲಿ ಪೋರ್ಟ್ ಇದೆ ಎಂಬುದು ಬೇರೆಯೇ ಮಾತು. ಪೋರ್ಟ್ ಇದ್ದರೂ ಬೆಳಕು ಸಾಲಬೇಕು, ಮಧ್ಯೆ ಇರುವ ಮತ್ತೊಬ್ಬರ ಜಾಗದ ಮೇಲೆ ತಂತಿ ಹಾಯಿಸಲು ಒಪ್ಪಿಗೆ ಇರಬೇಕು, ಅಪಾರ್ಟ್‌ಮೆಂಟ್ ಆದರೆ ಸಂಘದವರು ಆ ಕಂಪನಿಯನ್ನು ಒಳಗೆ ಬಿಟ್ಟಿರಬೇಕು. ಮಲೆನಾಡಿನಲ್ಲಿ ಒಂಟಿ ಮನೆಗಳೇ ಹೆಚ್ಚು. ಡಬ್ಬಿಯಿಂದ ಮನೆಗೆ ಅರ್ಧ ಕಿಲೋಮೀಟರ್ ತಂತಿ ಬೇಕಾದರೆ ಅದರ ಖರ್ಚು ಯಾರದು ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಪಕ್ಕದ ಮನೆಗೆ ಇರುವ ಫೈಬರ್ ನಮ್ಮ ಮನೆಗೆ ಯಾಕಿಲ್ಲ ಎಂದು ಜನ ಸಿಟ್ಟಾಗುವುದನ್ನು ಎಲ್ಲೆಡೆ ಕೇಳಬಹುದು. ಎಷ್ಟೋ ಸಲ ಕಾರಣ ಇಷ್ಟೇ ಆಗಿರುತ್ತದೆ: ಎಂಟು ಪೋರ್ಟಿನ ಡಬ್ಬಿಯಲ್ಲಿ ಎಂಟನೆಯದನ್ನು ಆ ಪಕ್ಕದ ಮನೆಯವರು ತೆಗೆದುಕೊಂಡಿರುತ್ತಾರೆ. ಇನ್ನೊಂದು ಡಬ್ಬಿ ಕೂರಿಸಿದರೆ ತೀರುವ ಸಮಸ್ಯೆ ಅದು. ಆದರೆ ಡಬ್ಬಿ ಬೇಕಾಗಿದೆ ಎಂಬ ಸುದ್ದಿ ಹಣ ಮಂಜೂರು ಮಾಡುವವರನ್ನು ತಲುಪಬೇಕಲ್ಲ.

ಈ ಎಲ್ಲ ವ್ಯತ್ಯಾಸಗಳನ್ನೂ ಪಿನ್‌ಕೋಡ್ ನುಂಗಿಹಾಕುತ್ತದೆ. 1972ರಲ್ಲಿ ಪತ್ರಗಳನ್ನು ವಿಂಗಡಿಸಲು ಮಾಡಿಕೊಂಡ ಏರ್ಪಾಡು ಅದು. ದೇಶದಲ್ಲಿ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಪಿನ್‌ಕೋಡ್‌ಗಳು ಸುಮಾರು 19 ಸಾವಿರ. ಅಂದರೆ ಸರಾಸರಿ ಎಂಟು ಅಂಚೆ ಕಚೇರಿಗಳ ವ್ಯಾಪ್ತಿ ಒಂದು ಪಿನ್‌ಕೋಡಿನೊಳಗೆ ಬರುತ್ತದೆ. ಘಟ್ಟದ ಮೇಲೆ ಒಂದೇ ಪಿನ್‌ಕೋಡಿನಲ್ಲಿ ಒಂದು ಪೇಟೆ, ಹತ್ತಾರು ಹಳ್ಳಿ, ಎರಡು ಮೂರು ಹೊಳೆ, ಒಂದು ಕಾಡು ಇರಬಹುದು. ಪೇಟೆಯ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಫೈಬರ್ ಇದೆ ಎಂಬ ಕಾರಣಕ್ಕೆ ಕಾಡಿನಂಚಿನ ಮನೆಗೂ ‘ಲಭ್ಯ’ ಎಂಬ ಉತ್ತರ ಬರುತ್ತದೆ. ಕೆಲವು ವ್ಯವಸ್ಥೆಗಳು ಇದಕ್ಕಿಂತ ಮುಂದೆ ಹೋಗಿವೆ ಎಂಬುದನ್ನು ಒಪ್ಪಬೇಕು. ಬಿಎಸ್‌ಎನ್‌ಎಲ್‌ನ ‘ಬುಕ್ ಮೈ ಫೈಬರ್’ ತಾಣದಲ್ಲಿ ನಕ್ಷೆಯ ಮೇಲೆ ಮನೆಯ ಜಾಗವನ್ನೇ ಗುರುತಿಸಿ ಕೋರಿಕೆ ಸಲ್ಲಿಸಬಹುದು. ಆದರೂ ಅದು ಕೋರಿಕೆ ಸ್ವೀಕರಿಸುವ ಪುಟವೇ ಹೊರತು, ಈ ಮನೆಗೆ ಕೊಡುತ್ತೇವೆ ಅಥವಾ ಇಂಥ ಕಾರಣಕ್ಕೆ ಕೊಡಲಾಗುವುದಿಲ್ಲ ಎಂದು ಎಲ್ಲರಿಗೂ ಕಾಣುವಂತೆ ಹೇಳುವ ದಾಖಲೆ ಅಲ್ಲ.

ಕಾನೂನು ಈ ವಿಷಯದಲ್ಲಿ ಎಷ್ಟು ಸಡಿಲವಾಗಿದೆ ಎಂದು ನೋಡಲು ಕರೆಂಟಿನ ಜೊತೆ ಹೋಲಿಸಿದರೆ ಸಾಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಮನೆಯ ಮಾಲೀಕರೋ ವಾಸವಿರುವವರೋ ಅರ್ಜಿ ಹಾಕಿದ ಒಂದು ತಿಂಗಳೊಳಗೆ ವಿತರಣಾ ಕಂಪನಿ ಸಂಪರ್ಕ ಕೊಡಬೇಕು. ಲೈನ್ ವಿಸ್ತರಿಸಬೇಕಾದರೆ ಸಮಯ ಹೆಚ್ಚು ಹಿಡಿಯಬಹುದು, ಕೊಡುವ ಬಾಧ್ಯತೆ ಮಾತ್ರ ತಪ್ಪುವುದಿಲ್ಲ. ಬ್ರಾಡ್‌ಬ್ಯಾಂಡ್ ಗುಣಮಟ್ಟದ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2006ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲೂ ಗಡುವು ಇತ್ತು, 15 ಕೆಲಸದ ದಿನ. ಆದರೆ ‘ತಾಂತ್ರಿಕವಾಗಿ ಸಾಧ್ಯವಿದ್ದಲ್ಲಿ’ ಎಂಬ ಷರತ್ತು ಅದರ ಬೆನ್ನಿಗೇ ಇತ್ತು. ಸಾಧ್ಯವೋ ಇಲ್ಲವೋ ಎಂದು ತೀರ್ಮಾನಿಸುವವರು ಸೇವೆ ಮಾರುವವರೇ. ಈ ವ್ಯವಹಾರದಲ್ಲಿ ಇರುವವರೆಲ್ಲ ಬಳಸುವ ‘ನಾಟ್ ಫೀಸಿಬಲ್’ ಎಂಬ ಎರಡು ಪದಗಳ ಹಿಂದೆ ಖಾಲಿ ಪೋರ್ಟ್ ಇಲ್ಲದಿರುವುದು, ತಂತಿ ದಾಸ್ತಾನು ಮುಗಿದಿರುವುದು, ಆ ಭಾಗಕ್ಕೆ ಹೋಗಲು ಕೆಲಸದವರಿಗೆ ಮನಸ್ಸಿಲ್ಲದಿರುವುದು, ನಿಜಕ್ಕೂ ಬೆಳಕು ತಲುಪದಿರುವುದು, ಯಾವುದೂ ಇರಬಹುದು. ಕಾರಣವನ್ನು ಬರೆದುಕೊಡಬೇಕೆಂದು ಹಟ ಹಿಡಿದು ಕೇಳುವವರು ವಿರಳ, ಕೇಳಿದರೂ ಸಿಗುವುದು ಅಪರೂಪ. ಡಿಜಿಟಲ್ ಸೌಲಭ್ಯದ ಪ್ರವೇಶ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲಿನಲ್ಲಿ ಹೇಳಿದೆ. ಹಕ್ಕೆಂದ ಮೇಲೆ ಅದು ಸಿಗದೆ ಹೋದವರ ಪಟ್ಟಿಯಾದರೂ ಎಲ್ಲಾದರೂ ಇರಬೇಕು.

ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟವೆಂದು ಕಾಣುವುದು ಇದೇ. ಸೇವೆ ಸಿಕ್ಕ ಮನೆ ಚಂದಾದಾರರ ಲೆಕ್ಕದಲ್ಲಿ ಸೇರುತ್ತದೆ. ಕೇಳಿ ಸಿಗದೆ ಹೋದ ಮನೆ ಯಾವ ಲೆಕ್ಕದಲ್ಲೂ ಇಲ್ಲ. ಹತ್ತು ಮನೆಯವರು ಬೇರೆ ಬೇರೆ ತಿಂಗಳಲ್ಲಿ ಫೋನ್ ಮಾಡಿ ‘ಆಗಲ್ಲ’ ಎಂದು ಕೇಳಿಸಿಕೊಂಡು ಸುಮ್ಮನಾದರೆ, ಆ ಕೇರಿಯಲ್ಲಿ ಬೇಡಿಕೆಯೇ ಇಲ್ಲ ಎಂದು ಕಂಪನಿಯ ಕೋಷ್ಟಕ ಹೇಳುತ್ತದೆ. ಬೇಡಿಕೆ ಇಲ್ಲದ ಕಡೆ ಡಬ್ಬಿ ಕೂರಿಸುವುದಿಲ್ಲ, ಡಬ್ಬಿ ಇಲ್ಲದ ಕಡೆ ಮತ್ತೆ ‘ಆಗಲ್ಲ’. ಈಗಾಗಲೇ ಫೈಬರ್ ಇರುವ ಬೀದಿಗೆ ಮೂರನೆಯ, ನಾಲ್ಕನೆಯ ಕಂಪನಿ ಬರುತ್ತದೆ. ಇಲ್ಲದ ಬೀದಿ ಇಲ್ಲದೆಯೇ ಉಳಿಯುತ್ತದೆ. ದೇಶದಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಬಳಸುವವರು ತೊಂಬತ್ತು ಕೋಟಿಯ ಆಸುಪಾಸಿನಲ್ಲಿರುವಾಗ ತಂತಿಯ ಮೂಲಕ ಬ್ರಾಡ್‌ಬ್ಯಾಂಡ್ ಪಡೆದ ಚಂದಾದಾರರು ಸುಮಾರು 4 ಕೋಟಿ. ಉಳಿದ ಮನೆಗಳಲ್ಲಿ ಎಷ್ಟು ಜನ ಬೇಡವೆಂದು ಬಿಟ್ಟವರು, ಎಷ್ಟು ಜನ ಬೇಕೆಂದು ಕೇಳಿ ಸಿಗದೆ ಉಳಿದವರು ಎಂಬ ಭೇದವನ್ನು ಆ ಸಂಖ್ಯೆ ಹೇಳುವುದಿಲ್ಲ.

ಸರ್ಕಾರದ ಕಡೆಯ ಲೆಕ್ಕವೂ ಇದೇ ದಾರಿ ಹಿಡಿದಿದೆ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟ 2011ರಲ್ಲಿ ಒಪ್ಪಿಗೆ ಕೊಟ್ಟಿತು, 2015ರಲ್ಲಿ ಅದು ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು ‘ಸರ್ವಿಸ್ ರೆಡಿ’ ಆಗಿವೆ ಎಂಬುದು ಅಧಿಕೃತ ಅಂಕಿ. ಇದು ಸಣ್ಣ ಸಾಧನೆಯಲ್ಲ, ಹೊಲ ಕಾಡು ಘಟ್ಟಗಳ ನಡುವೆ ಅಷ್ಟು ಕೇಬಲ್ ಹೂಳಿದವರ ದುಡಿಮೆಗೆ ಗೌರವ ಸಲ್ಲಬೇಕು. ಆದರೆ ಲೆಕ್ಕ ಪಂಚಾಯಿತಿ ಕಚೇರಿಯ ಬಾಗಿಲಿನವರೆಗೆ ಬಂದು ನಿಂತಿತು. ಕಚೇರಿಯ ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಯಂತ್ರ, ಬ್ಯಾಟರಿ. ಅಲ್ಲಿಂದ ಮೂರು ಕಿಲೋಮೀಟರ್ ಆಚೆಯ ಮನೆಗೆ ಅದರಿಂದ ಏನೂ ಬದಲಾಗಲಿಲ್ಲ. ಕರ್ನಾಟಕದ ಸುಮಾರು 6 ಸಾವಿರ ಪಂಚಾಯಿತಿಗಳಲ್ಲಿ ಒಂದೊಂದರೊಳಗೂ ಹಲವು ಹಳ್ಳಿಗಳಿವೆ, ಮಲೆನಾಡಿನಲ್ಲಂತೂ ಹಳ್ಳಿಯೆಂದರೆ ಗುಡ್ಡಗಳ ನಡುವೆ ಚದುರಿದ ಮನೆಗಳು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಹರಿದಾಡಿತು. ಪಂಚಾಯಿತಿ ಮಟ್ಟದ ಅಂಕಿಗಳಲ್ಲಿ ಅಂಥ ಮನೆಗಳು ಕಾಣಲು ಸಾಧ್ಯವೇ ಇಲ್ಲ. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಮಾಡಿದ ಭಾರತ್‌ನೆಟ್‌ಗೆ ಸಂಪುಟ ಒಪ್ಪಿಗೆ ಸಿಕ್ಕಿತು. ಪಂಚಾಯಿತಿ ಕೇಂದ್ರವಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೆ ‘ಬೇಡಿಕೆ ಬಂದಲ್ಲಿ’ ಫೈಬರ್ ಕೊಡುವುದಾಗಿ ಅದರಲ್ಲಿದೆ. ಒಳ್ಳೆಯ ಮಾತು. ಆ ಬೇಡಿಕೆಯನ್ನು ಬರೆದುಕೊಳ್ಳುವ ಪುಸ್ತಕ ಮಾತ್ರ ಜನರ ಕೈಗೆ ಸಿಗುವಲ್ಲಿ ಇಲ್ಲ.

ಮೇಲುಮೇಲಿನ ಲೆಕ್ಕದಿಂದ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ಕಣ್ಣೆದುರಿಗಿದೆ. ಅಲ್ಲಿನ ದೂರಸಂಪರ್ಕ ಆಯೋಗ ಎಫ್‌ಸಿಸಿ ಬಹಳ ಕಾಲ ಜನಗಣತಿಯ ಬ್ಲಾಕುಗಳ ಲೆಕ್ಕದಲ್ಲಿ ಕಂಪನಿಗಳಿಂದ ಮಾಹಿತಿ ಪಡೆಯುತ್ತಿತ್ತು. ಬ್ಲಾಕಿನಲ್ಲಿ ಒಂದು ಮನೆಗೆ ಸೇವೆ ಇದ್ದರೂ, ಕೊಡಲು ಸಾಧ್ಯ ಎಂದು ಕಂಪನಿ ಹೇಳಿಕೊಂಡರೂ, ಇಡೀ ಬ್ಲಾಕಿಗೆ ಸೇವೆ ಇದೆ ಎಂದೇ ಎಣಿಕೆ. 2019ರಲ್ಲಿ ಒಂದು ಸಣ್ಣ ಕಂಪನಿ ತಪ್ಪಾಗಿ ಹಲವು ರಾಜ್ಯಗಳ ಎಲ್ಲ ಬ್ಲಾಕುಗಳಿಗೂ ತಾನು ಸೇವೆ ಕೊಡುತ್ತಿರುವುದಾಗಿ ತುಂಬಿಕೊಟ್ಟ ಫಾರಂ ಹಾಗೆಯೇ ಆಯೋಗದ ಕರಡು ವರದಿಯೊಳಗೆ ಸೇರಿತು. ಹೊರಗಿನ ಸಂಘಟನೆಯೊಂದು ಅದನ್ನು ಎತ್ತಿ ತೋರಿಸಿದ ಮೇಲೆ, ಬ್ರಾಡ್‌ಬ್ಯಾಂಡ್ ಸಿಗದವರ ಸಂಖ್ಯೆಯನ್ನು 1.94 ಕೋಟಿಯಿಂದ 2.13 ಕೋಟಿಗೆ ತಿದ್ದಬೇಕಾಯಿತು. ಒಂದು ಫಾರಂ ಸುಮಾರು ಇಪ್ಪತ್ತು ಲಕ್ಷ ಜನರನ್ನು ಲೆಕ್ಕದಿಂದ ಮರೆಮಾಡಿತ್ತು. ಮರುವರ್ಷ ವಿಳಾಸಗಳನ್ನೇ ಪರೀಕ್ಷಿಸಿ ನೋಡಿದ ಖಾಸಗಿ ಅಧ್ಯಯನವೊಂದು ನಿಜವಾದ ಸಂಖ್ಯೆ 4.2 ಕೋಟಿ ಇರಬಹುದೆಂದು ಅಂದಾಜು ಮಾಡಿತು. ಅದೇ 2020ರಲ್ಲಿ ಅಮೆರಿಕದ ಸಂಸತ್ತು ಹೊಸ ಕಾನೂನು ಮಾಡಿ, ಮನೆಮನೆಯ ಮಟ್ಟದ ನಕ್ಷೆ ಬೇಕೆಂದಿತು. 2022ರ ನವೆಂಬರಿನಲ್ಲಿ ಹೊರಬಂದ ಆ ನಕ್ಷೆಯಲ್ಲಿ ಯಾರು ಬೇಕಾದರೂ ತಮ್ಮ ವಿಳಾಸ ಹಾಕಿ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪ ಸಲ್ಲಿಸಬಹುದು. ‘ಲಭ್ಯ’ ಎನ್ನಲು ಅಲ್ಲಿ ಒಂದು ಗಟ್ಟಿಯಾದ ಅಳತೆಯೂ ಇದೆ: ಕೇಳಿದ ಹತ್ತು ಕೆಲಸದ ದಿನಗಳೊಳಗೆ, ಲೈನ್ ವಿಸ್ತರಣೆಯ ವಿಶೇಷ ಶುಲ್ಕವಿಲ್ಲದೆ, ಸಂಪರ್ಕ ಕೊಡಲು ಆಗಬೇಕು. ಆ ಮೇಲೆ 4,245 ಕೋಟಿ ಡಾಲರಿನ ಅನುದಾನವನ್ನು ರಾಜ್ಯಗಳಿಗೆ ಹಂಚಿದ್ದು ಈ ನಕ್ಷೆಯ ಆಧಾರದಲ್ಲೇ. ನಕ್ಷೆ ದೋಷರಹಿತ ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಆಕ್ಷೇಪಗಳು ಲಕ್ಷಗಟ್ಟಲೆ ಬಂದಿವೆ. ಆಕ್ಷೇಪ ಬರಲು ಒಂದು ಜಾಗ ಸಿಕ್ಕಿತು ಎಂಬುದೇ ನನಗೆ ಮುಖ್ಯವಾಗಿ ಕಾಣುವುದು.

ನಮ್ಮಲ್ಲಿ ವಿಳಾಸಗಳೇ ಸರಿಯಿಲ್ಲ, ‘ಅರಳಿಕಟ್ಟೆ ಹತ್ತಿರ, ಅಂಚೆ ಇಂಥದು’ ಎಂದು ಬರೆಯುವ ದೇಶದಲ್ಲಿ ಇದು ಆಗುವ ಮಾತೇ ಎಂದು ಕೇಳಬಹುದು. ಕರ್ನಾಟಕದ ಮಟ್ಟಿಗೆ ಉತ್ತರ ಮನೆಯ ಗೋಡೆಯ ಮೇಲೇ ಇದೆ. ಕರೆಂಟ್ ಇರುವ ಪ್ರತಿ ಮನೆಗೂ ಆರ್‌ಆರ್ ನಂಬರ್ ಇದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಯಾವುದೇ ಇರಲಿ, ಆ ಮನೆ ಯಾವ ಟ್ರಾನ್ಸ್‌ಫಾರ್ಮರಿನ ಕೆಳಗೆ ಬರುತ್ತದೆ ಎಂಬುದು ಅವರಿಗೆ ಗೊತ್ತು. 2023ರಲ್ಲಿ ಗೃಹಜ್ಯೋತಿ ಯೋಜನೆಗೆ ಮನೆಮನೆಯ ವಿದ್ಯುತ್ ಖಾತೆಯನ್ನು ಹಿಡಿದು ಇಡೀ ರಾಜ್ಯದ ನೋಂದಣಿ ನಡೆಯಿತು. ಫೈಬರ್ ಕೇಬಲ್ ಬಹುಪಾಲು ಹಳ್ಳಿಗಳಲ್ಲಿ ಹಾದುಹೋಗುವುದೂ ಅದೇ ಕರೆಂಟ್ ಕಂಬಗಳ ಮೇಲೆ. ಇದರ ಜೊತೆಗೆ ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಸಹಯೋಗದಲ್ಲಿ ರೂಪುಗೊಂಡ ಇದು ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಡುತ್ತದೆ. ಬೀದಿಯ ಹೆಸರು ಇಲ್ಲದ ಒಂಟಿ ಮನೆಗೂ ಡಿಜಿಪಿನ್ ಇದೆ. ನಿಯಮ ಮಾಡಲು ಮಾದರಿಯೂ ಹತ್ತಿರದಲ್ಲೇ ಸಿಗುತ್ತದೆ. ಮೊಬೈಲ್ ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿ ಇದೆ ಎಂಬ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕೆಂದು ಟ್ರಾಯ್ 2024ರ ಗುಣಮಟ್ಟ ನಿಯಮಾವಳಿಯಲ್ಲಿ ಕಡ್ಡಾಯ ಮಾಡಿದೆ. ಅದೇ ವರ್ಷ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ರೇಟಿಂಗ್ ಕೊಡುವ ನಿಯಮಗಳೂ ಬಂದವು. ಗಾಳಿಯಲ್ಲಿ ಹರಡುವ, ಮಳೆಗೆ ಮರಕ್ಕೆ ಏರಿಳಿಯುವ ಸಿಗ್ನಲಿನ ನಕ್ಷೆ ಮಾಡಲು ಸಾಧ್ಯವಾದರೆ, ಕಂಬಕ್ಕೆ ಕಟ್ಟಿದ ಡಬ್ಬಿಯ ನಕ್ಷೆ ಅದಕ್ಕಿಂತ ಸುಲಭ.

ಹೀಗೆಂದಾಗ ಮೊದಲು ಎದುರಾಗುವ ತಕರಾರು ವ್ಯಾಪಾರದ ಗುಟ್ಟು ಮತ್ತು ಭದ್ರತೆಯದು. ಯಾವ ಕೇಬಲ್ ಎಲ್ಲಿ ಹಾದಿದೆ ಎಂದು ಬಹಿರಂಗ ಮಾಡಿದರೆ ಪೈಪೋಟಿಯವರೂ ಕೇಡು ಬಯಸುವವರೂ ಬಳಸಿಕೊಳ್ಳುತ್ತಾರೆ ಎನ್ನುತ್ತಾರೆ. ಕೇಬಲ್ ಮಾರ್ಗದ ನಕ್ಷೆಯನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ಈ ಮನೆಗೆ ಕೊಡುತ್ತೀರಾ, ಎಷ್ಟು ದಿನದಲ್ಲಿ, ಇಲ್ಲವಾದರೆ ಯಾವ ಕಾರಣಕ್ಕೆ ಎಂಬ ಮೂರು ಉತ್ತರ ಸಾಕು. ಮನೆಯವರ ಹೆಸರಾಗಲಿ, ಯಾರು ಯಾವ ಕಂಪನಿಯ ಗ್ರಾಹಕರು ಎಂಬುದಾಗಲಿ ಅದರಲ್ಲಿ ಬರಬೇಕಾಗಿಲ್ಲ. ಇನ್ನು ಮಾರ್ಗದ ಮಾಹಿತಿಯ ವಿಷಯಕ್ಕೆ ಬಂದರೆ, ಜೆಸಿಬಿ ನೆಲ ಅಗೆಯುವ ಮುನ್ನ ಅಡಿಯಲ್ಲಿ ಯಾರ ಕೇಬಲ್, ಯಾರ ಪೈಪ್ ಇದೆ ಎಂದು ತಿಳಿಸುವ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಅನ್ನು ಕೇಂದ್ರ ಸರ್ಕಾರವೇ 2023ರಲ್ಲಿ ತಂದಿದೆ. ಅಗೆಯುವ ಗುತ್ತಿಗೆದಾರರಿಗೆ ಎಚ್ಚರಿಕೆ ಕೊಡುವಷ್ಟು ಮಾಹಿತಿ ಒಟ್ಟುಗೂಡಬಹುದಾದರೆ, ಬಳಸಬೇಕಾದ ಮನೆಗೆ ಹೌದು ಅಥವಾ ಇಲ್ಲ ಎನ್ನಲು ಅಡ್ಡಿ ಏನು?

ಎರಡನೆಯ ತಕರಾರು ಇದಕ್ಕಿಂತ ಗಂಭೀರ, ಅದನ್ನು ಹಗುರವಾಗಿ ಕಾಣುವುದು ತಪ್ಪು. ಹಳ್ಳಿಗಳಲ್ಲಿ ಫೈಬರ್ ಕೊಡುತ್ತಿರುವವರಲ್ಲಿ ದೊಡ್ಡ ಸಂಖ್ಯೆಯಲ್ಲಿರುವವರು ಸಣ್ಣ ಕೇಬಲ್ ಆಪರೇಟರರು. ಕೆಲವರು ಒಂದೆರಡು ತಾಲ್ಲೂಕಿಗೆ ಸೀಮಿತವಾದ ಇಂಟರ್‌ನೆಟ್ ಕಂಪನಿಗಳೊಂದಿಗೆ, ಇನ್ನು ಕೆಲವರು ಬಿಎಸ್‌ಎನ್‌ಎಲ್ ಜೊತೆ ಆದಾಯ ಹಂಚಿಕೆಯ ಕರಾರಿನಲ್ಲಿ ದುಡಿಯುತ್ತಾರೆ. ಜೋರು ಮಳೆಗೆ ಅಡಿಕೆ ಮರ ಬಿದ್ದು ತಂತಿ ತುಂಡಾದಾಗ ಜಿಗಣೆ ಕಚ್ಚಿಸಿಕೊಂಡು ತೋಟದೊಳಗೆ ನಡೆದು ಹೋಗಿ ಬೆಸೆದು ಬರುವವರು ಇವರು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂದು ಬೆಂಗಳೂರಿನ ಕೆಲಸ ನಡೆಯುತ್ತಿದ್ದರೆ ಅದಕ್ಕೆ ಇವರೇ ಕಾರಣ. ಯಾವ ಕಂಬದಲ್ಲಿ ಎಷ್ಟು ಪೋರ್ಟ್ ಖಾಲಿ ಎಂಬುದು ಅವರ ತಲೆಯಲ್ಲಿರುತ್ತದೆ, ಹೆಚ್ಚೆಂದರೆ ಒಂದು ನೋಟ್‌ಬುಕ್ಕಿನಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುತ್ತದೆ. ಅಂಥವರ ಮೇಲೆ ಇನ್ನೊಂದು ಕಡತದ ಹೊರೆ ಹೇರಿದರೆ, ಮಾಹಿತಿ ಕೊಡಲು ಪ್ರತ್ಯೇಕ ಕಚೇರಿ ಇಟ್ಟುಕೊಳ್ಳಬಲ್ಲ ದೊಡ್ಡ ಕಂಪನಿಗಳಿಗೇ ಲಾಭ. ಪೂರ್ತಿ ನಕ್ಷೆ ಹೊರಬಂದರೆ ತಾವು ಕಷ್ಟಪಟ್ಟು ಕಟ್ಟಿದ ಊರಿಗೆ ದೊಡ್ಡವರು ಕಣ್ಣು ಹಾಕುತ್ತಾರೆ ಎಂಬ ಭಯವೂ ಅವರಿಗಿದೆ.

ಈ ಭಯಕ್ಕೆ ಆಧಾರವಿದೆ. ಆದ್ದರಿಂದ ನಿಯಮದ ತೂಕ ಎಲ್ಲರ ಮೇಲೂ ಒಂದೇ ಆಗಿರಕೂಡದು. ದೊಡ್ಡ ಕಂಪನಿಗಳು ಮೊದಲು, ಅವಧಿ ಕೊಟ್ಟು ಉಳಿದವರು ಆಮೇಲೆ ಎಂದಿಡಬಹುದು. ಕೆಲಸವೂ ಕಡತದ ಕೆಲಸ ಆಗಬೇಕಿಲ್ಲ. ಡಬ್ಬಿ ಕೂರಿಸಿದ ಹೊತ್ತಿಗೆ ಫೋನಿನಲ್ಲಿ ಆ ಜಾಗದ ಡಿಜಿಪಿನ್ ಗುರುತಿಸಿ, ಪೋರ್ಟುಗಳ ಸಂಖ್ಯೆ ಹಾಕಿದರೆ ಉಳಿದದ್ದನ್ನು ತಂತ್ರಾಂಶ ಲೆಕ್ಕ ಹಾಕಬಲ್ಲದು; ಮನೆಗೆ ಕನೆಕ್ಷನ್ ಕೊಟ್ಟಾಗ ಒಂದು ಪೋರ್ಟ್ ಕಡಿಮೆಯಾಗುತ್ತದೆ. ಅಂಥ ಆ್ಯಪ್ ಮಾಡಿಕೊಡುವ, ಸಣ್ಣವರು ಅದನ್ನು ಬಳಸಿದ್ದಕ್ಕೆ ತಕ್ಕ ಹಣ ಕೊಡುವ ಕೆಲಸಕ್ಕೆ ಡಿಜಿಟಲ್ ಭಾರತ್ ನಿಧಿ ಇದೆ. ಹಿಂದುಳಿದ, ದೂರದ ಪ್ರದೇಶಗಳಿಗೆ ಸಂಪರ್ಕ ಒದಗಿಸಲೆಂದೇ ಇರುವ ಹಣ ಅದು. ಪೈಪೋಟಿಯ ವಿಷಯದಲ್ಲಿ ಹೇಳುವುದಾದರೆ, ಕಂಬದ ಮೇಲಿನ ಡಬ್ಬಿ ಈಗಲೂ ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತದೆ, ದೊಡ್ಡ ಕಂಪನಿಯ ಸರ್ವೆಯವರಿಗೂ ಕಾಣುತ್ತದೆ. ಕಾಣದೆ ಇರುವುದು ಹೊಸದಾಗಿ ಊರಿಗೆ ಬಂದವರಿಗೆ ಮಾತ್ರ. ಅವರು ಗೊತ್ತಿರುವ ದೊಡ್ಡ ಹೆಸರಿನ ವೆಬ್‌ಸೈಟ್ ನೋಡಿ, ಅಲ್ಲಿ ಇಲ್ಲ ಎಂದು ಬಂದರೆ ಊರಿಗೇ ಇಲ್ಲ ಎಂದುಕೊಳ್ಳುತ್ತಾರೆ. ಎಲ್ಲರ ಹೆಸರೂ ಒಂದೇ ಪುಟದಲ್ಲಿ ಬಂದರೆ ಪಕ್ಕದ ಬೀದಿಯ ಕೇಬಲ್ ಆಪರೇಟರ್ ಹೆಸರೂ ಅವರ ಕಣ್ಣಿಗೆ ಬೀಳುತ್ತದೆ.

ಇನ್ನು ಕೆಲವರು 5ಜಿ ಬಂದಿದೆ, ಉಪಗ್ರಹದ ಇಂಟರ್‌ನೆಟ್ ಬರುತ್ತಿದೆ, ಫೈಬರ್ ಹುಡುಕಿಕೊಂಡು ಕೂರುವ ಕಾಲ ಮುಗಿಯಿತು ಎನ್ನುತ್ತಾರೆ. ಟವರಿನಿಂದ ಮನೆಯ ತಾರಸಿಯ ಮೇಲಿನ ಪೆಟ್ಟಿಗೆಗೆ ಬರುವ ವೈರ್‌ಲೆಸ್ ಸೇವೆ 2023ರಿಂದ ನಮ್ಮಲ್ಲಿ ವ್ಯಾಪಕವಾಗಿದೆ, ತಂತಿ ಎಳೆಯಲಾಗದ ಕಡೆ ಅದು ನಿಜವಾಗಿ ಉಪಕಾರಿ. ಆದರೆ ಟವರಿನ ಸಾಮರ್ಥ್ಯವನ್ನು ಆ ಸುತ್ತಿನ ಎಲ್ಲ ಮೊಬೈಲುಗಳೂ ಹಂಚಿಕೊಳ್ಳುತ್ತವೆ, ಸಂಜೆ ಎಂಟರ ನಂತರ ವೇಗ ಕುಸಿಯುವುದನ್ನು ಬಳಸುವವರೆಲ್ಲ ಬಲ್ಲರು. ಗುಡ್ಡ ಅಡ್ಡ ಬಂದರೆ ಸಿಗ್ನಲ್ಲೇ ಇಲ್ಲ. ಆ ಟವರು ಸರಿಯಾಗಿ ಕೆಲಸ ಮಾಡಲೂ ಅದರ ಬುಡಕ್ಕೆ ಫೈಬರ್ ಬರಬೇಕು. ಉಪಗ್ರಹದ ಸೇವೆ ಕಾಡಿನ ನಡುವಿನ ಮನೆಗೆ ವರವಾಗಬಹುದು, ಎಲ್ಲರ ಜೇಬಿಗೆ ಎಟುಕುವಂಥದಲ್ಲ. ವೈರ್‌ಲೆಸ್ ಸಾಕೋ, ತಂತಿಯೇ ಬೇಕೋ ಎಂದು ಮನೆಯವರು ತೀರ್ಮಾನಿಸಬೇಕಾದರೂ ಯಾವುದು ಇದೆ, ಯಾವುದು ಇಲ್ಲ ಎಂಬುದು ಮೊದಲು ತಿಳಿಯಬೇಕು. ‘ನಿಮ್ಮ ಪ್ರದೇಶದಲ್ಲಿ ಸೇವೆ ಇದೆ’ ಎಂಬ ಒಂದೇ ವಾಕ್ಯದೊಳಗೆ ಎರಡನ್ನೂ ಸೇರಿಸಿ ಹೇಳಿದರೆ ಕೇಳಿದವರಿಗೆ ಏನೂ ತಿಳಿದಂತಾಗಲಿಲ್ಲ. ನಕ್ಷೆಯಲ್ಲಿ ತಂತಿಗೂ ತರಂಗಕ್ಕೂ ಬೇರೆ ಬೇರೆ ಗುರುತು ಇರಬೇಕಾದುದು ಇದಕ್ಕೆ.

ಇಷ್ಟೆಲ್ಲ ಯಾಕೆ, ಒಂದು ಫೋನ್ ಮಾಡಿ ಕೇಳಿದರೆ ಆಯಿತಲ್ಲ ಎಂಬ ಮಾತೂ ಇದೆ. ಫೋನ್ ಮಾಡಿದವರಿಗೆ ಸಿಗುವುದು ಆ ಹೊತ್ತಿನ ಬಾಯಿಮಾತು, ಅದು ಮುಂದಿನವರಿಗೆ ಉಪಯೋಗಕ್ಕೆ ಬರುವುದಿಲ್ಲ. ಬಾಡಿಗೆ ಕರಾರು ಆದ ಮೇಲೆ, ಮನೆ ಕಟ್ಟಿ ಮುಗಿದ ಮೇಲೆ ಸಿಗುವ ‘ಆಗಲ್ಲ’ ಎಂಬ ಉತ್ತರದಿಂದ ಆದ ನಷ್ಟಕ್ಕೆ ಫೋನಿನಲ್ಲಿ ಮಾತಾಡಿದವರು ಹೊಣೆಯಾಗುವುದಿಲ್ಲ.

ಕಾನೂನು ಬರುವವರೆಗೆ ಕಾಯಬೇಕೆಂದಿಲ್ಲ. ಮನೆ ಹುಡುಕುವವರು ಕಂಪನಿಯ ಪುಟಕ್ಕಿಂತ ಮೊದಲು ಮನೆಯ ಮುಂದಿನ ಕಂಬ ನೋಡಬೇಕು, ಡಬ್ಬಿಯ ಮೇಲೆ ಬರೆದ ಹೆಸರು ನೋಡಿಕೊಂಡು ಅವರನ್ನೇ ಕೇಳಬೇಕು. ಕೇಳುವಾಗ ‘ಫೈಬರ್ ಇದೆಯಾ’ ಎನ್ನುವುದರ ಬದಲು ‘ಈ ಡಬ್ಬಿಯಲ್ಲಿ ಪೋರ್ಟ್ ಖಾಲಿ ಇದೆಯಾ, ನಮ್ಮ ಮನೆಗೆ ಎಷ್ಟು ಮೀಟರ್ ತಂತಿ ಬೇಕು, ಅದರ ದುಡ್ಡು ಯಾರು ಕೊಡಬೇಕು’ ಎಂದರೆ ಉತ್ತರ ಬೇರೆಯೇ ಬರುತ್ತದೆ. ಬಿಎಸ್‌ಎನ್‌ಎಲ್ ಮಾಹಿತಿ ಹಕ್ಕಿನ ವ್ಯಾಪ್ತಿಯಲ್ಲಿದೆ. ಒಂದು ಎಕ್ಸ್‌ಚೇಂಜಿನ ಒಎಲ್‌ಟಿ ಸಾಮರ್ಥ್ಯ ಎಷ್ಟು, ಬಳಕೆಯಲ್ಲಿರುವ ಪೋರ್ಟ್ ಎಷ್ಟು, ಕೋರಿಕೆ ಬಂದು ತಿರಸ್ಕೃತವಾದದ್ದು ಎಷ್ಟು ಮತ್ತು ಯಾಕೆ ಎಂದು ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಇದಕ್ಕಿಂತ ಪರಿಣಾಮಕಾರಿಯಾದ ಕೆಲಸವನ್ನು ಗ್ರಾಮ ಪಂಚಾಯಿತಿ ಮಾಡಬಲ್ಲದು. ಗ್ರಾಮಸಭೆಯಲ್ಲಿ ಒಂದು ವಿಷಯವಾಗಿ ಇದನ್ನು ಇಟ್ಟು, ಫೈಬರ್ ಬೇಕೆಂದು ಕೇಳಿದ ಆದರೆ ಸಿಗದ ಮನೆಗಳ ಪಟ್ಟಿಯನ್ನು ಆರ್‌ಆರ್ ನಂಬರ್ ಮತ್ತು ಡಿಜಿಪಿನ್ ಸಹಿತ ಮಾಡಿ, ಯಾರು ಯಾವ ಕಾರಣ ಹೇಳಿದರು ಎಂಬುದನ್ನು ಪಕ್ಕದಲ್ಲಿ ಬರೆದು, ಠರಾವಿನ ಜೊತೆ ಬಿಎಸ್‌ಎನ್‌ಎಲ್‌ಗೂ ಜಿಲ್ಲಾ ಪಂಚಾಯಿತಿಗೂ ಕಳಿಸಬೇಕು. ಬೇಡಿಕೆ ಬಂದಲ್ಲಿ ಕೊಡುತ್ತೇವೆ ಎಂದು ಯೋಜನೆಯಲ್ಲಿ ಬರೆದವರ ಮೇಜಿನ ಮೇಲೆ ಆಗ ಬೇಡಿಕೆ ಮನೆಸಂಖ್ಯೆ ಸಮೇತ ಇರುತ್ತದೆ.